ಸೋಂಕು ಏರಿದಾಗ ಕರ್ಫ್ಯೂ ಇಳಿದದ್ದೇಕೆ?

2022ರ ಜನವರಿ 4ರ ಮಂಗಳವಾರ ಕರ್ನಾಟಕದಲ್ಲಿ ಕೋವಿಡ್ ದೃಢಪಟ್ಟವರು 2,479 ಮಂದಿ. ಪರೀಕ್ಷೆ ಮಾಡಿಸಿಕೊಂಡ ನೂರು ಜನರಲ್ಲಿ ಮೂವರಿಗೂ ಸೋಂಕು ಇರಲಿಲ್ಲ. ಅಂದು ರಾತ್ರಿಯೇ ಸರ್ಕಾರ ರಾಜ್ಯದಾದ್ಯಂತ ವಾರಾಂತ್ಯದ ಕರ್ಫ್ಯೂ ಪ್ರಕಟಿಸಿತು. ಹದಿನೇಳು ದಿನಗಳ ನಂತರ, ಜನವರಿ 21ರ ಶುಕ್ರವಾರ, ಸೋಂಕಿತರ ಸಂಖ್ಯೆ ಒಂದೇ ದಿನ 48,049ಕ್ಕೆ ಮುಟ್ಟಿತು. ನೂರು ಪರೀಕ್ಷೆಗಳಲ್ಲಿ ಹತ್ತೊಂಬತ್ತು ಪಾಸಿಟಿವ್ ಬಂದವು. ಸರ್ಕಾರ ಅದೇ ದಿನ ವಾರಾಂತ್ಯದ ಕರ್ಫ್ಯೂ ಹಿಂದಕ್ಕೆ ಪಡೆಯಿತು. ಮತ್ತೆರಡು ದಿನಕ್ಕೆ, ಭಾನುವಾರ, 50,210 ಪ್ರಕರಣಗಳು ವರದಿಯಾದವು. ಎರಡನೇ ಅಲೆಯ ಭೀಕರ ದಿನಗಳಲ್ಲಿಯೂ ರಾಜ್ಯ ಇಷ್ಟು ದೊಡ್ಡ ಸಂಖ್ಯೆಯನ್ನು ಕಂಡಿರಲಿಲ್ಲ. ಜನವರಿ 31ರ ಸೋಮವಾರದಿಂದ ರಾತ್ರಿ ಕರ್ಫ್ಯೂ ಕೂಡ ತೆರವಾಯಿತು. ಹೋಟೆಲ್‌ಗಳಲ್ಲಿ ಎಲ್ಲ ಮೇಜುಗಳೂ ಭರ್ತಿಯಾಗಲು ಅವಕಾಶ ಸಿಕ್ಕಿತು. ಬೆಂಗಳೂರಿನಲ್ಲಿ ಒಂದರಿಂದ ಒಂಬತ್ತನೇ ತರಗತಿಯ ಮಕ್ಕಳು ಶಾಲೆಗೆ ಮರಳಿದರು.

ಎರಡೂವರೆ ಸಾವಿರ ಇದ್ದಾಗ ಬಾಗಿಲು ಹಾಕಿಸಿದವರು ಐವತ್ತು ಸಾವಿರ ಆದಾಗ ತೆರೆಸಿದರು. ಇದನ್ನು ಕಂಡ ಯಾರಿಗಾದರೂ ಗೊಂದಲವಾಗುವುದು ಸಹಜ. ಮೊದಲು ಮಾಡಿದ್ದು ತಪ್ಪೇ, ಆಮೇಲೆ ಮಾಡಿದ್ದು ತಪ್ಪೇ ಎಂದು ಜನ ಕೇಳಿದರು. ಮೊದಲಿನಿಂದಲೂ ಕರ್ಫ್ಯೂ ಬೇಕಿರಲಿಲ್ಲ ಎನ್ನುವವರು ಒಂದು ಕಡೆ. ವ್ಯಾಪಾರಿಗಳ ಒತ್ತಡಕ್ಕೆ ಮಣಿದು ಜನರ ಜೀವವನ್ನು ಪಣಕ್ಕೆ ಇಟ್ಟಿದ್ದಾರೆ ಎನ್ನುವವರು ಇನ್ನೊಂದು ಕಡೆ. ಸಡಿಲಿಕೆಯ ನಿರ್ಧಾರ ಬಹುಮಟ್ಟಿಗೆ ಸರಿಯಾಗಿಯೇ ಇತ್ತು ಎಂಬುದು ಈ ಲೇಖನದ ವಾದ. ಆದರೆ ಯಾವ ಆಧಾರದ ಮೇಲೆ ನಿರ್ಧಾರವಾಯಿತೋ ಆ ಆಧಾರವೇ ನಡುವೆ ಬದಲಾಯಿತು. ಅದನ್ನು ಜನರಿಗೆ ಬಿಡಿಸಿ ಹೇಳುವ ಕೆಲಸ ಆಗಲಿಲ್ಲ. ಹೇಳಿದ್ದರೂ ಎಷ್ಟು ಮಂದಿ ನಂಬುತ್ತಿದ್ದರು ಎಂಬುದು ಬೇರೆಯೇ ಪ್ರಶ್ನೆ. ಆ ಅಪನಂಬಿಕೆಯ ಬೇರು ಆ ಜನವರಿಯದ್ದಲ್ಲ.

ಎಣಿಸಿದ್ದು ಏನನ್ನು?

ಅಲ್ಲಿಯವರೆಗಿನ ಎರಡು ವರ್ಷ ಪ್ರತಿ ಸಂಜೆ ಜನ ಕಾಯುತ್ತಿದ್ದುದು ಒಂದೇ ಸಂಖ್ಯೆಗೆ: ಇಂದು ಎಷ್ಟು ಮಂದಿಗೆ ಸೋಂಕು? ಮೊದಲ ಎರಡು ಅಲೆಗಳಲ್ಲಿ ಆ ಸಂಖ್ಯೆಗೆ ಅರ್ಥವಿತ್ತು. ಸೋಂಕಿತರು ಹೆಚ್ಚಾದರೆ ಕೆಲವೇ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಗಳು ತುಂಬುತ್ತಿದ್ದವು, ಅದರ ಹಿಂದೆಯೇ ಸ್ಮಶಾನಗಳ ಮುಂದೆ ಆಂಬುಲೆನ್ಸ್ ಸಾಲು ಬೆಳೆಯುತ್ತಿತ್ತು. 2021ರ ಮೇ 5ರಂದು ರಾಜ್ಯದಲ್ಲಿ 50,112 ಪ್ರಕರಣಗಳು ದಾಖಲಾದವು. ಅಂದು ಮೃತಪಟ್ಟವರೆಂದು ಸರ್ಕಾರ ಪ್ರಕಟಿಸಿದ್ದು 346 ಮಂದಿಯನ್ನು. 2022ರ ಜನವರಿ 23ರಂದು ಹೆಚ್ಚುಕಡಿಮೆ ಅಷ್ಟೇ ಪ್ರಕರಣಗಳಿದ್ದಾಗ ಮೃತರ ಸಂಖ್ಯೆ 19.

ಈ ಅಂತರಕ್ಕೆ ಕಾರಣ ಒಂದಲ್ಲ. ಈ ಅಲೆಗೆ ಕಾರಣವಾದ ಓಮೈಕ್ರಾನ್ ತಳಿ ಮುಖ್ಯವಾಗಿ ಮೂಗು, ಗಂಟಲಿನ ಭಾಗದಲ್ಲಿ ವೇಗವಾಗಿ ಬೆಳೆಯುತ್ತದೆ; ಶ್ವಾಸಕೋಶದ ಆಳಕ್ಕೆ ಎರಡನೇ ಅಲೆಯ ಡೆಲ್ಟಾ ತಳಿಯಷ್ಟು ಇಳಿಯುವುದಿಲ್ಲ. ಆದರೆ ವೈರಾಣುವಿನ ಗುಣವೊಂದರಿಂದಲೇ ನಾವು ಉಳಿದುಕೊಂಡೆವು ಎನ್ನಲಾಗದು. 2021ರ ಏಪ್ರಿಲ್‌ನಲ್ಲಿ ಎರಡೂ ಡೋಸ್ ಪಡೆದವರನ್ನು ಹುಡುಕಬೇಕಿತ್ತು. 2022ರ ಜನವರಿಯ ಕೊನೆಗೆ ರಾಜ್ಯದ ವಯಸ್ಕರಲ್ಲಿ ಐವರ ಪೈಕಿ ನಾಲ್ವರಿಗೂ ಹೆಚ್ಚು ಮಂದಿ ಎರಡನೇ ಡೋಸ್ ಮುಗಿಸಿದ್ದರು. ಲಸಿಕೆಗೆ ಮುಂಚೆಯೇ ಸೋಂಕು ತಗುಲಿ ಗುಣವಾದವರೂ ಬಹಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಜೂನ್–ಜುಲೈನಲ್ಲಿ ನಡೆಸಿದ ರಾಷ್ಟ್ರೀಯ ರಕ್ತ ಸಮೀಕ್ಷೆಯಲ್ಲಿ ಶೇ 67.6ರಷ್ಟು ಜನರ ದೇಹದಲ್ಲಿ ಪ್ರತಿಕಾಯಗಳು ಪತ್ತೆಯಾಗಿದ್ದವು. ಹೀಗೆ ಸಿದ್ಧವಾಗಿದ್ದ ದೇಹಗಳಿಗೆ ವೈರಾಣು ಹೊಕ್ಕಿತು. ಸೋಂಕು ತಗುಲುವುದನ್ನು ಲಸಿಕೆ ತಡೆಯದಿದ್ದರೂ, ಸೋಂಕು ತೀವ್ರವಾಗುವುದನ್ನು ಬಹುಪಾಲು ಜನರಲ್ಲಿ ತಡೆಯಿತು.

ಇದರ ಜೊತೆಗೆ ಎಣಿಕೆಯ ವಿಧಾನವೇ ಬದಲಾಯಿತು. ಜನವರಿ 10ರಂದು ಐಸಿಎಂಆರ್ ಹೊಸ ಸಲಹೆ ಹೊರಡಿಸಿತು. ಸೋಂಕಿತರ ಸಂಪರ್ಕಕ್ಕೆ ಬಂದಿದ್ದರೂ ರೋಗಲಕ್ಷಣ ಇಲ್ಲದಿದ್ದರೆ, ವೃದ್ಧಾಪ್ಯ ಅಥವಾ ಬೇರೆ ಕಾಯಿಲೆಗಳ ಅಪಾಯ ಇಲ್ಲದಿದ್ದರೆ, ಪರೀಕ್ಷೆ ಬೇಕಿಲ್ಲ ಎಂಬುದು ಅದರ ಸಾರ. ಔಷಧ ಅಂಗಡಿಯಿಂದ ಕಿಟ್ ತಂದು ಮನೆಯಲ್ಲೇ ಪರೀಕ್ಷಿಸಿಕೊಂಡವರಲ್ಲಿ ಅನೇಕರ ಫಲಿತಾಂಶ ಸರ್ಕಾರದ ಲೆಕ್ಕಕ್ಕೆ ಸೇರಲೇ ಇಲ್ಲ. ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರು ತಮಗೂ ಬಂದಿದೆ ಎಂದುಕೊಂಡು ಮಾತ್ರೆ ನುಂಗಿ ಮಲಗಿದರು. ಹಾಗಾಗಿ 50,210 ಎಂಬುದು ಆ ದಿನದ ನಿಜವಾದ ಸೋಂಕಿನ ಒಂದು ಪಾಲು ಮಾತ್ರ. ರೋಗ ಎಷ್ಟು ಹರಡಿದೆ ಎಂಬುದನ್ನೂ, ಎಷ್ಟು ಅಪಾಯ ಮಾಡಲಿದೆ ಎಂಬುದನ್ನೂ ಹೇಳಲಾಗದ ಸಂಖ್ಯೆಯನ್ನು ಮುಂದಿಟ್ಟುಕೊಂಡು ಊರಿನ ಬಾಗಿಲು ಹಾಕುವುದು, ತೆರೆಯುವುದು ಸರಿಯಲ್ಲ. ಆದ್ದರಿಂದ ಸರ್ಕಾರದ ಕಣ್ಣು ಸೋಂಕಿತರ ಸಂಖ್ಯೆಯಿಂದ ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆಯ ಕಡೆಗೆ ಹೊರಳಿತು. ಕಾರಣ ನ್ಯಾಯವಾದದ್ದೇ. ಆದರೆ ಸಂಜೆಯ ವರದಿಯ ತಲೆಬರಹದಲ್ಲಿ ಉಳಿದದ್ದು ಹಳೆಯ ಸಂಖ್ಯೆಯೇ. ಸರ್ಕಾರ ಒಂದು ಲೆಕ್ಕ ನೋಡಿ ತೀರ್ಮಾನ ಮಾಡುತ್ತಿತ್ತು, ಜನ ಇನ್ನೊಂದು ಲೆಕ್ಕ ನೋಡಿ ಹೆದರುತ್ತಿದ್ದರು.

ಸಂಖ್ಯೆ ಕಡಿಮೆ ಇದ್ದಾಗಲೇ ನಿರ್ಬಂಧ ಏಕೆ?

‘ಎರಡೂವರೆ ಸಾವಿರಕ್ಕೇ ಕರ್ಫ್ಯೂ ಬೇಕಿತ್ತೇ’ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಸಾಂಕ್ರಾಮಿಕ ರೋಗ ಕೂಡುತ್ತಾ ಬೆಳೆಯುವುದಿಲ್ಲ, ಗುಣಿಸುತ್ತಾ ಬೆಳೆಯುತ್ತದೆ. ಜನವರಿ 4ರಿಂದ 21ರ ನಡುವೆ ದಿನದ ಪ್ರಕರಣಗಳು ಸುಮಾರು ಹತ್ತೊಂಬತ್ತು ಪಟ್ಟಾದವು, ಎಂದರೆ ನಾಲ್ಕು ದಿನಗಳಿಗೊಮ್ಮೆ ಇಮ್ಮಡಿ. ಈ ವೇಗದಲ್ಲಿ ಓಡುವ ರೋಗಕ್ಕೆ ನಿರ್ಬಂಧ ಹಾಕುವುದಿದ್ದರೆ ಆರಂಭದಲ್ಲೇ ಹಾಕಬೇಕು. ಆಗ ಪ್ರತಿಯೊಂದು ತಪ್ಪಿದ ಸೋಂಕಿನಿಂದ ಮುಂದಿನ ಹತ್ತಾರು ಸೋಂಕುಗಳು ತಪ್ಪುತ್ತವೆ. ಶಿಖರ ತಲುಪಿದ ಮೇಲೆ ಹಾಕಿದರೆ ತಡೆಯಲು ಉಳಿಯುವುದು ಸ್ವಲ್ಪವೇ. ಹೀಗಾಗಿ ಕಡಿಮೆ ಇದ್ದಾಗ ಬಿಗಿ, ಹೆಚ್ಚಿದ್ದಾಗ ಸಡಿಲ ಎಂಬುದು ಮೇಲುನೋಟಕ್ಕೆ ತಲೆಕೆಳಗಾಗಿ ಕಂಡರೂ ರೋಗಶಾಸ್ತ್ರದ ದೃಷ್ಟಿಯಿಂದ ವಿರೋಧಾಭಾಸವಲ್ಲ.

ಜನವರಿಯ ಮೊದಲ ವಾರದಲ್ಲಿ ಮತ್ತೊಂದು ಅನಿಶ್ಚಿತತೆಯೂ ಇತ್ತು. ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಪತ್ತೆಯಾದದ್ದು ಕರ್ನಾಟಕದಲ್ಲೇ. ಕೇಂದ್ರ ಅದನ್ನು 2021ರ ಡಿಸೆಂಬರ್ 2ರಂದು ಪ್ರಕಟಿಸಿತು. ಈ ತಳಿ ಅಷ್ಟು ತೀವ್ರವಲ್ಲ ಎಂಬ ಸುದ್ದಿ ದಕ್ಷಿಣ ಆಫ್ರಿಕಾದಿಂದ ಬರುತ್ತಿತ್ತು. ಆದರೆ ಅಲ್ಲಿನ ಜನರ ಸರಾಸರಿ ವಯಸ್ಸು, ಹಳೆಯ ಸೋಂಕಿನ ಪ್ರಮಾಣ ಇಲ್ಲಿಗಿಂತ ಬೇರೆ. ಎರಡನೇ ಅಲೆಯ ಗಾಯ ಇನ್ನೂ ಹಸಿಯಾಗಿದ್ದ ರಾಜ್ಯವೊಂದು ‘ನೋಡೋಣ’ ಎಂದು ಕೈಕಟ್ಟಿ ಕುಳಿತಿದ್ದರೆ ಅದನ್ನು ಯಾರೂ ಕ್ಷಮಿಸುತ್ತಿರಲಿಲ್ಲ.

ಹಾಗೆಂದು, ಆಯ್ದುಕೊಂಡ ನಿರ್ಬಂಧವೇ ಸರಿಯಾದದ್ದಾಗಿತ್ತು ಎಂದೇನೂ ಆಗುವುದಿಲ್ಲ. ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಿಗ್ಗೆ 5ರವರೆಗೆ ಎಂದರೆ 55 ಗಂಟೆ. ವಾರದ ಉಳಿದ 113 ಗಂಟೆಗಳಲ್ಲಿ ಬಸ್, ಮೆಟ್ರೊ, ಮಾರುಕಟ್ಟೆ, ಕಚೇರಿ, ಕಾರ್ಖಾನೆ ಎಲ್ಲವೂ ನಡೆಯುತ್ತಿದ್ದವು. ಶನಿವಾರ ಮಾಡಬೇಕಿದ್ದ ಸಂತೆಯನ್ನು ಜನ ಶುಕ್ರವಾರ ಸಂಜೆಯೇ ಮಾಡಿದರು. ಗುಂಪು ಕರಗುವ ಬದಲು ಒತ್ತಾಯಿತು. ಕರ್ಫ್ಯೂ ಜಾರಿಯಲ್ಲಿದ್ದುದು ಎರಡೇ ವಾರಾಂತ್ಯ. ಅದಿಲ್ಲದಿದ್ದರೆ ಪ್ರಕರಣಗಳು ಇನ್ನೆಷ್ಟು ಏರುತ್ತಿದ್ದವು ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಏರಿಕೆಯ ವೇಗಕ್ಕೆ ಕಡಿವಾಣ ಬಿದ್ದ ಗುರುತು ಮೇಲ್ನೋಟಕ್ಕೆ ಕಾಣುವುದಿಲ್ಲ. ರಾತ್ರಿ ಕರ್ಫ್ಯೂವಿನ ಸಮರ್ಥನೆ ಇನ್ನೂ ದುರ್ಬಲ. ವಿಶ್ವ ಆರೋಗ್ಯ ಸಂಸ್ಥೆಯ ಆಗಿನ ಮುಖ್ಯ ವಿಜ್ಞಾನಿ ಸೌಮ್ಯಾ ಸ್ವಾಮಿನಾಥನ್ ಅವರೇ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಆ ತಿಂಗಳ ಆರಂಭದಲ್ಲಿ ಹೇಳಿದ್ದರು.

ಬೆಲೆ ತೆತ್ತವರಂತೂ ಇದ್ದಾರೆ. ವಾರದ ಗಳಿಕೆಯ ದೊಡ್ಡ ಪಾಲನ್ನು ಶನಿವಾರ, ಭಾನುವಾರ ಕಾಣುವ ಹೋಟೆಲ್‌ಗಳು, ಬೀದಿಬದಿ ವ್ಯಾಪಾರಿಗಳು, ಆಟೊ ಚಾಲಕರು, ಮದುವೆ ಛತ್ರಗಳನ್ನು ನಂಬಿದ ಅಡುಗೆಯವರು, ಹೂವಿನವರು, ವಾಲಗದವರು ಇದರಲ್ಲಿ ಸೇರಿದ್ದಾರೆ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳಿಗೆ ವಾರಾಂತ್ಯದ ಕರ್ಫ್ಯೂ ಎಂದರೆ ಬಹುಮಟ್ಟಿಗೆ ಪೂರ್ಣ ಮುಚ್ಚುಗಡೆಯೇ. ಬೆಂಗಳೂರಿನವರು ಅಲ್ಲಿಗೆ ಮಂಗಳವಾರ ಬರುವುದಿಲ್ಲ. ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿದ್ದ ಸೋಂಕಿಗೆ ಎಲ್ಲ ಜಿಲ್ಲೆಗಳ ಜನ ಒಂದೇ ದರದಲ್ಲಿ ದಂಡ ಕಟ್ಟಿದರು. ಜನವರಿ 4ರ 2,479 ಪ್ರಕರಣಗಳಲ್ಲಿ 2,053 ರಾಜಧಾನಿಯವೇ ಆಗಿದ್ದವು. ಆಗಿನ ಆಡಳಿತ ಪಕ್ಷ ಬಿಜೆಪಿಯೊಳಗಿನಿಂದಲೇ ವಿರೋಧ ಎದ್ದದ್ದಕ್ಕೆ ಇದು ಮುಖ್ಯ ಕಾರಣ. ಆ ವಿರೋಧದಲ್ಲಿ ರಾಜಕೀಯ ಇತ್ತು, ನ್ಯಾಯವೂ ಇತ್ತು.

ಶೇ 5 ಎಂಬ ಗೆರೆ

ಕರ್ಫ್ಯೂ ತೆರವಿನ ದಿನ ಆಗಿನ ಕಂದಾಯ ಸಚಿವ ಆರ್. ಅಶೋಕ ಒಂದು ಷರತ್ತನ್ನೂ ಹೇಳಿದರು. ಆಸ್ಪತ್ರೆಗೆ ದಾಖಲಾಗುತ್ತಿರುವವರ ಪ್ರಮಾಣ ಶೇ 5ರಷ್ಟಿದೆ; ಅದನ್ನು ಮೀರಿದರೆ ಕರ್ಫ್ಯೂ ಮರಳುತ್ತದೆ ಎಂದರು. ಇಷ್ಟು ಸ್ಪಷ್ಟವಾದ ಗೆರೆಯನ್ನು ಸಾರ್ವಜನಿಕವಾಗಿ ಎಳೆದದ್ದು ಒಳ್ಳೆಯದೇ. ಈ ಇಡೀ ಪ್ರಸಂಗದಲ್ಲಿ ಜನರಿಗೆ ಸಿಕ್ಕ ಅತ್ಯಂತ ಉಪಯುಕ್ತ ಮಾಹಿತಿ ಅದು. ಆದರೂ ಒಂದು ತೊಡಕಿತ್ತು.

ಶೇಕಡಾವಾರು ಲೆಕ್ಕ ಹಾಸಿಗೆಯ ಲೆಕ್ಕವಲ್ಲ. ಜನವರಿ 23ರ ಹೊತ್ತಿಗೆ ರಾಜ್ಯದಲ್ಲಿ ಸಕ್ರಿಯ ಪ್ರಕರಣಗಳು ಮೂರೂವರೆ ಲಕ್ಷ ದಾಟಿದ್ದವು. ಅದರ ಶೇ 5 ಎಂದರೆ ಹದಿನೇಳು ಸಾವಿರಕ್ಕೂ ಹೆಚ್ಚು ಜನ. ಸಕ್ರಿಯ ಪ್ರಕರಣಗಳು ಏಳು ಲಕ್ಷವಾದರೆ ಅದೇ ಶೇ 5 ಮೂವತ್ತೈದು ಸಾವಿರವಾಗುತ್ತದೆ. ಪ್ರಮಾಣ ಅಲುಗದಿದ್ದರೂ ಆಸ್ಪತ್ರೆ ತುಂಬಿಹೋಗಬಹುದು. ಇನ್ನೊಂದು ಕಡೆ, ಪರೀಕ್ಷೆಗಳನ್ನು ಕಡಿಮೆ ಮಾಡಿದರೆ ಸೌಮ್ಯ ಲಕ್ಷಣದವರು ಲೆಕ್ಕದಿಂದ ಹೊರಗೆ ಉಳಿದು, ಆಸ್ಪತ್ರೆಗೆ ಬಂದವರ ಪ್ರಮಾಣ ತಾನಾಗಿ ಹೆಚ್ಚಿದಂತೆ ಕಾಣುತ್ತದೆ. ರಾಜ್ಯದ ಸರಾಸರಿ ಎಂಬುದೂ ಮೋಸ ಮಾಡಬಲ್ಲದು: ಬೆಂಗಳೂರಿನಲ್ಲಿ ಹಾಸಿಗೆ ಖಾಲಿ ಇರುವಾಗ ದೂರದ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಹಾಸಿಗೆ ಇಲ್ಲದೆ ಹೋಗಬಹುದು. ಗೆರೆ ಎಳೆಯಬೇಕಾದದ್ದು ಜಿಲ್ಲಾವಾರು, ಆಮ್ಲಜನಕ ಮತ್ತು ಐಸಿಯು ಹಾಸಿಗೆಗಳಲ್ಲಿ ಎಷ್ಟು ಭರ್ತಿಯಾಗಿವೆ ಎಂಬ ಲೆಕ್ಕದ ಮೇಲೆ.

ಸಾವಿನ ಸಂಖ್ಯೆ ತಡವಾಗಿ ಬರುತ್ತದೆ

ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಕಾರಣವಾಗುವ ಸಂಗತಿ ಇದು. ಜನವರಿ 23ರಂದು 19 ಇದ್ದ ಸಾವಿನ ಸಂಖ್ಯೆ ಜನವರಿ 29ಕ್ಕೆ 70ಕ್ಕೆ ಏರಿತು. ಹೊಸ ಪ್ರಕರಣಗಳು ಮಾತ್ರ ಅದೇ ಅವಧಿಯಲ್ಲಿ 33 ಸಾವಿರದ ಆಸುಪಾಸಿಗೆ ಇಳಿದವು. ಸಡಿಲಿಕೆ ಆಯಿತು, ಸಾವು ಹೆಚ್ಚಿತು ಎಂದು ಎರಡನ್ನೂ ಜೋಡಿಸುವುದು ಬಹಳ ಸುಲಭ.

ಆದರೆ ಕಾಲಕ್ರಮ ಬೇರೆಯೇ ಇದೆ. ಸೋಂಕು ತಗುಲಿ ಲಕ್ಷಣ ಕಾಣಲು ಕೆಲವು ದಿನ ಬೇಕು. ಲಕ್ಷಣ ಕಂಡ ಮೇಲೆ ಪರೀಕ್ಷೆ, ಉಲ್ಬಣವಾದವರಿಗೆ ಸುಮಾರು ಒಂದು ವಾರದಲ್ಲಿ ಆಸ್ಪತ್ರೆ, ಅಲ್ಲಿ ಇನ್ನೊಂದು ವಾರವೋ ಎರಡೋ ಹೋರಾಟ. ಸಾವು ಸಂಭವಿಸಿದ ಮೇಲೆ ಅದು ದಾಖಲೆಗೆ ಬರಲು ಮತ್ತಷ್ಟು ದಿನ. ಹಾಗಾಗಿ ಜನವರಿಯ ಕೊನೆಯಲ್ಲಿ ಪ್ರಕಟವಾದ ಸಾವುಗಳಲ್ಲಿ ಹೆಚ್ಚಿನವರು ಸೋಂಕು ಹಚ್ಚಿಕೊಂಡದ್ದು ಜನವರಿ 21ಕ್ಕೆ ಮೊದಲು, ಕರ್ಫ್ಯೂ ಇದ್ದ ಕಾಲದಲ್ಲಿ. ಎರಡನೇ ಅಲೆಯಲ್ಲೂ ಹೀಗೆಯೇ ಆಗಿತ್ತು. ಪ್ರಕರಣಗಳು 50 ಸಾವಿರ ದಾಟಿದ್ದು ಮೇ 5ರಂದು. ದಿನದ ಸಾವು 626ರ ತುದಿ ಮುಟ್ಟಿದ್ದು ಮೇ 23ರಂದು. ನಡುವೆ ಹದಿನೆಂಟು ದಿನಗಳ ಅಂತರ.

ಇದೇ ಕಾರಣಕ್ಕೆ 346 ಮತ್ತು 19ರ ಹೋಲಿಕೆಯನ್ನೂ ಎಚ್ಚರದಿಂದ ಓದಬೇಕು. ಜನವರಿಯ ಕೊನೆಗೆ ಈ ಅಲೆಯ ಸಾವುಗಳು ಇನ್ನೂ ಏರುತ್ತಿದ್ದವು. ಏರಿದರೂ ಎರಡನೇ ಅಲೆಯ ಎತ್ತರದ ಹತ್ತಿರಕ್ಕೆ ಬರುವ ಲಕ್ಷಣ ಆಸ್ಪತ್ರೆಗಳಲ್ಲಿ ಕಾಣುತ್ತಿರಲಿಲ್ಲ. ಆದರೆ ದಿನಕ್ಕೆ 70 ಎಂಬುದು ಕಡೆಗಣಿಸುವ ಸಂಖ್ಯೆಯಲ್ಲ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಮೂತ್ರಪಿಂಡ, ಹೃದಯ, ಮಧುಮೇಹದ ತೊಂದರೆ ಇದ್ದವರು, ಲಸಿಕೆ ಪೂರ್ಣಗೊಳ್ಳದವರು. ‘ಓಮೈಕ್ರಾನ್ ಬರೀ ನೆಗಡಿ’ ಎಂದು ಸಾರಿದವರು ಈ ಮನೆಗಳ ನೋವನ್ನು ಲೆಕ್ಕದಿಂದ ಅಳಿಸಿದರು.

ಸಲಹೆ ಯಾರದು, ತೀರ್ಮಾನ ಯಾರದು

ಪ್ರತಿ ಆದೇಶದ ಹಿಂದೆಯೂ ‘ತಜ್ಞರ ಸಲಹೆಯಂತೆ’ ಎಂಬ ಮಾತು ಕೇಳಿಬರುತ್ತಿತ್ತು. ರಾಜ್ಯದಲ್ಲಿ ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ಕೋವಿಡ್ ತಾಂತ್ರಿಕ ಸಲಹಾ ಸಮಿತಿ ಇತ್ತು. ಅದಕ್ಕಿದ್ದುದು ಸಲಹೆ ಕೊಡುವ ಅಧಿಕಾರ ಮಾತ್ರ. ತೀರ್ಮಾನ ಆಗುತ್ತಿದ್ದುದು ಮುಖ್ಯಮಂತ್ರಿ ನಡೆಸುವ ಸಭೆಯಲ್ಲಿ. ಆದೇಶ ಹೊರಡುತ್ತಿದ್ದುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ, ಮುಖ್ಯ ಕಾರ್ಯದರ್ಶಿಯ ಸಹಿಯೊಂದಿಗೆ. ರೋಗ ಹರಡುವ ಬಗೆಯನ್ನು ತಜ್ಞರು ಹೇಳಬಹುದು. ಆದರೆ ಕೂಲಿಕಾರರ ಒಂದು ದಿನದ ಸಂಬಳ, ಮಕ್ಕಳ ಒಂದು ವರ್ಷದ ಕಲಿಕೆ, ಆಸ್ಪತ್ರೆಯ ಮೇಲಿನ ಒತ್ತಡ ಇವನ್ನು ಒಂದಕ್ಕೊಂದು ತೂಗುವ ಹೊಣೆ ಚುನಾಯಿತ ಸರ್ಕಾರದ್ದೇ. ಇದರಲ್ಲಿ ತಪ್ಪಿಲ್ಲ. ಆ ತೂಗುವಿಕೆ ಮುಚ್ಚಿದ ಬಾಗಿಲ ಹಿಂದೆ ನಡೆದು, ಕಹಿ ನಿರ್ಧಾರಗಳಿಗೆ ಮಾತ್ರ ತಜ್ಞರ ಹೆಸರು, ಸಿಹಿ ನಿರ್ಧಾರಗಳಿಗೆ ಸರ್ಕಾರದ ಹೆಸರು ಅಂಟಿದಾಗ ತೊಂದರೆ ಶುರುವಾಗುತ್ತದೆ. ಜನರ ಕಣ್ಣಿಗೆ ಆರೋಗ್ಯ ತಜ್ಞರು ಎಂದರೆ ಬಾಗಿಲು ಹಾಕಿಸುವವರು ಎಂದಾಗಿಬಿಡುತ್ತದೆ.

ಹಿಂದಿನ ಕೆಲವು ಘಟನೆಗಳನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. 2020ರ ನವೆಂಬರ್ 30ರಂದೇ ಸಲಹಾ ಸಮಿತಿ ಎರಡನೇ ಅಲೆಯ ಮುನ್ಸೂಚನೆ ಕೊಟ್ಟಿತ್ತು; 2021ರ ಜನವರಿ–ಫೆಬ್ರುವರಿ ಹೊತ್ತಿಗೆ ಬರಬಹುದು, ಹೊಸ ವರ್ಷದ ಸಂಭ್ರಮಾಚರಣೆಗೆ ತಡೆ ಹಾಕಿ ಎಂದಿತ್ತು. ಡಿಸೆಂಬರ್ 23ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾತ್ರಿ ಕರ್ಫ್ಯೂ ಪ್ರಕಟಿಸಿದರು. ಮೊದಲು ಒಂದು ವೇಳಾಪಟ್ಟಿ, ಅದೇ ದಿನ ಇನ್ನೊಂದು. ಮರುದಿನ, ಜಾರಿಗೆ ಬರಲು ಕೆಲವೇ ಗಂಟೆಗಳಿರುವಾಗ, ಆದೇಶವೇ ರದ್ದು. 2021ರ ಏಪ್ರಿಲ್ ಮೊದಲ ವಾರ, ಸೋಂಕು ದಿನದಿನಕ್ಕೂ ಏರುತ್ತಿದ್ದಾಗ, ಚಿತ್ರಮಂದಿರಗಳಲ್ಲಿ ಅರ್ಧದಷ್ಟು ಸೀಟು ಮಾತ್ರ ಎಂಬ ಆದೇಶ ಬಂತು. ಚಿತ್ರೋದ್ಯಮ ಪ್ರತಿಭಟಿಸಿದ ಮರುದಿನವೇ ಏಪ್ರಿಲ್ 7ರವರೆಗೆ ಪೂರ್ಣ ಭರ್ತಿಗೆ ಅವಕಾಶ ಸಿಕ್ಕಿತು. ವೈರಾಣು ಆ ನಾಲ್ಕೈದು ದಿನ ಕಾಯಲಿಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ಇಡೀ ರಾಜ್ಯವೇ ಮುಚ್ಚಬೇಕಾಯಿತು.

ಹೀಗೆ ಗದ್ದಲ ಮಾಡಿದವರಿಗೆ ನಿಯಮ ಸಡಿಲವಾಗುವುದನ್ನು ಎರಡು ಬಾರಿ ಕಂಡವರು, 2022ರ ಜನವರಿಯಲ್ಲಿ ಹೋಟೆಲ್ ಮಾಲೀಕರು ಪ್ರತಿಭಟಿಸಿ ಕರ್ಫ್ಯೂ ತೆರವಾದಾಗ ಏನೆಂದುಕೊಳ್ಳಬೇಕು? ಈ ಸಲ ನಿಜವಾಗಿಯೂ ಆಸ್ಪತ್ರೆಯ ಅಂಕಿಅಂಶ ನಿರ್ಧಾರದ ಹಿಂದಿತ್ತು ಎಂದು ಸಾವಿರ ಸಲ ಹೇಳಿದರೂ ನಂಬಿಕೆ ಬರುವುದು ಕಷ್ಟ. ಸರಿಯಾದ ನಿರ್ಧಾರವೂ ಹಳೆಯ ತಪ್ಪುಗಳ ನೆರಳಿನಲ್ಲಿ ಅನುಮಾನಕ್ಕೆ ಗುರಿಯಾಯಿತು.

ಪಾದಯಾತ್ರೆಯ ಭಾನುವಾರ

ವಾರಾಂತ್ಯದ ಕರ್ಫ್ಯೂ ಮೊದಲು ಜಾರಿಯಾದದ್ದು ಜನವರಿ 8 ಮತ್ತು 9ರಂದು. ಆ ಭಾನುವಾರ, ಜನವರಿ 9ರಂದೇ, ಕನಕಪುರ ತಾಲ್ಲೂಕಿನ ಸಂಗಮದಿಂದ ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆ ಹೊರಟಿತು. ಸಭೆ, ಮೆರವಣಿಗೆ, ಧರಣಿಗಳಿಗೆ ನಿಷೇಧವಿದ್ದ ಆದೇಶ ಜಾರಿಯಲ್ಲಿತ್ತು. ಅಂದು ಬೆಂಗಳೂರಿನಲ್ಲಿ ಕಾರಣವಿಲ್ಲದೆ ರಸ್ತೆಗೆ ಬಂದವರ ವಾಹನಗಳನ್ನು ಪೊಲೀಸರು ವಶಪಡಿಸಿಕೊಳ್ಳುತ್ತಿದ್ದರು. ಇತ್ತ ಸಾವಿರಾರು ಜನ ಒಟ್ಟಾಗಿ ನಡೆಯುತ್ತಿದ್ದರು. ಪ್ರಕರಣ ದಾಖಲಿಸಿದ್ದು ಬಿಟ್ಟರೆ ಸರ್ಕಾರ ನಾಲ್ಕು ದಿನ ಅದನ್ನು ತಡೆಯಲಿಲ್ಲ. ಜನವರಿ 12ರಂದು ಹೈಕೋರ್ಟ್ ಎರಡೂ ಕಡೆಯವರನ್ನು ತರಾಟೆಗೆ ತೆಗೆದುಕೊಂಡ ಮೇಲೆ, 13ರಂದು ರಾಮನಗರದಲ್ಲಿ ಯಾತ್ರೆ ನಿಂತಿತು. ಇದೇ ದಿನಗಳಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು ಹೊನ್ನಾಳಿ ತಾಲ್ಲೂಕಿನಲ್ಲಿ ಹೋರಿ ಬೆದರಿಸುವ ಸ್ಪರ್ಧೆಯ ಜನಜಂಗುಳಿಯ ನಡುವೆ ಕಾಣಿಸಿಕೊಂಡು, ಆಮೇಲೆ ಕ್ಷಮೆ ಕೇಳಿದರು.

ಇದರ ಪರಿಣಾಮ ಆ ಮೆರವಣಿಗೆಯಲ್ಲಿ ಎಷ್ಟು ಮಂದಿಗೆ ಸೋಂಕು ತಗುಲಿತು ಎಂಬುದರಲ್ಲಿ ಮುಗಿಯುವುದಿಲ್ಲ. ನಿಯಮ ಪಾಲಿಸಲು ಜನರನ್ನು ಪ್ರೇರೇಪಿಸುವುದು ಪೊಲೀಸರ ಭಯಕ್ಕಿಂತ ಹೆಚ್ಚಾಗಿ ‘ಎಲ್ಲರೂ ಪಾಲಿಸುತ್ತಿದ್ದಾರೆ’ ಎಂಬ ಭಾವನೆ. ಅದು ಒಡೆದಾಗ ಮಾಸ್ಕ್ ಮೂಗಿನಿಂದ ಗದ್ದಕ್ಕೆ ಇಳಿಯುತ್ತದೆ, ನೆಗಡಿ ಬಂದವರು ಹೇಳದೆ ಕೆಲಸಕ್ಕೆ ಹೋಗುತ್ತಾರೆ. ಅಂಗಡಿ ಮುಚ್ಚಿ ಕುಳಿತ ವ್ಯಾಪಾರಿಗೆ ದೂರದರ್ಶನದಲ್ಲಿ ಮೆರವಣಿಗೆ ಕಂಡಾಗ ಹುಟ್ಟುವ ಸಿಟ್ಟು ಕೊನೆಗೆ ತಿರುಗುವುದು ಆರೋಗ್ಯ ಇಲಾಖೆಯ ಮೇಲೆ, ಮನೆ ಬಾಗಿಲಿಗೆ ಬಂದು ಜ್ವರ ಇದೆಯೇ ಎಂದು ಕೇಳುವ ಆಶಾ ಕಾರ್ಯಕರ್ತೆಯ ಮೇಲೆ.

ಲೆಕ್ಕದ ಮೇಲಿನ ಅಪನಂಬಿಕೆ

ಇನ್ನೂ ಆಳದ ಗಾಯವೊಂದಿದೆ. 2021ರ ಮೇ 2–3ರ ರಾತ್ರಿಯ ಆಸುಪಾಸಿನಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಆಗಿನ ಸರ್ಕಾರ ಹೇಳಿತು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ನೇತೃತ್ವದಲ್ಲಿ ಹೈಕೋರ್ಟ್ ರಚಿಸಿದ ಸಮಿತಿ, ಆಮ್ಲಜನಕ ಸಿಗದಿದ್ದುದೇ ಸಾವುಗಳಿಗೆ ಕಾರಣ ಎಂದು ವರದಿ ಮಾಡಿತು. ಆ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ಉತ್ತರಿಸಿತು.

ಕಣ್ಣೆದುರೇ ಉಸಿರು ನಿಂತದ್ದನ್ನು ನೋಡಿದ ಕುಟುಂಬಗಳಿಗೆ ಈ ಉತ್ತರ ಏನು ಹೇಳಿತು? ನಿಮ್ಮ ಕಣ್ಣನ್ನು ನಂಬಬೇಡಿ, ನಮ್ಮ ಕಾಗದವನ್ನು ನಂಬಿ ಎಂದು. ಆ ಗಾಯ ಮಾಗಿರಲಿಲ್ಲ. 2022ರ ಜನವರಿಯಲ್ಲಿ ಆಗಿನ ಆರೋಗ್ಯ ಸಚಿವ ಕೆ. ಸುಧಾಕರ್ ಅವರು ಆಸ್ಪತ್ರೆ ಸೇರುವವರು ಕಡಿಮೆ ಎಂದು ಸರಿಯಾದ ಅಂಕಿಯನ್ನೇ ಕೊಟ್ಟಾಗಲೂ ‘ಆಗಲೂ ಮೂವರೆಂದು ಹೇಳಿದ್ದರಲ್ಲ’ ಎಂಬ ಪ್ರಶ್ನೆ ಏಳುತ್ತಿತ್ತು. ಹೀಗೆ ಕೇಳುವವರನ್ನು ಅಜ್ಞಾನಿಗಳು, ವಿಜ್ಞಾನ ವಿರೋಧಿಗಳು ಎಂದು ಜರೆಯುವುದು ಅನ್ಯಾಯ. ಲಸಿಕೆಯ ಬಗ್ಗೆ ಸುಳ್ಳು ಹಬ್ಬಿಸುವವರು ಬೇರೆ, ಸರ್ಕಾರಿ ಲೆಕ್ಕದ ಮೇಲೆ ಅನುಭವದಿಂದ ಅನುಮಾನ ಬೆಳೆಸಿಕೊಂಡವರು ಬೇರೆ. ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಿದರೆ ಎರಡನೆಯವರನ್ನು ಮೊದಲನೆಯವರ ಕೈಗೆ ಒಪ್ಪಿಸಿದಂತೆ.

ಶಾಲೆಯ ಪ್ರಶ್ನೆ

ಸಡಿಲಿಕೆಯಲ್ಲಿ ಅತ್ಯಂತ ತಡವಾಗಿ ಆದದ್ದು, ಅತ್ಯಂತ ಮೊದಲು ಆಗಬೇಕಿದ್ದುದು ಶಾಲೆಯ ವಿಷಯ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯವರಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಮೀರಿ ಅಕ್ಷರ ಬರೆಯದೆ ಉಳಿದ ಮಕ್ಕಳು ಮೂರು ತಿಂಗಳೂ ತರಗತಿಯಲ್ಲಿ ಕೂರಲಿಲ್ಲ. ಜನವರಿ 6ರಿಂದ ಬೆಂಗಳೂರಿನಲ್ಲಿ ಮತ್ತೆ ಬಂದ್. ಅದೇ ಆದೇಶದಲ್ಲಿ ಪಬ್, ಬಾರ್, ಚಿತ್ರಮಂದಿರಗಳು ಅರ್ಧ ಭರ್ತಿಯಲ್ಲಿ ನಡೆಯಬಹುದಿತ್ತು.

ಮಕ್ಕಳಿಂದ ಮನೆಯ ಹಿರಿಯರಿಗೆ ಸೋಂಕು ದಾಟುತ್ತದೆ ಎಂಬ ಭಯ ಸುಳ್ಳಲ್ಲ. ಆಗ ಲಸಿಕೆ ಸಿಕ್ಕಿದ್ದು 15ರಿಂದ 18ರ ವಯಸ್ಸಿನವರಿಗೆ ಮಾತ್ರ, ಅದೂ 2022ರ ಜನವರಿ 3ರಿಂದ. ಚಿಕ್ಕ ಮಕ್ಕಳಿಗೆ ಇನ್ನೂ ಇರಲಿಲ್ಲ. ಆದರೆ ಈ ಮಕ್ಕಳಲ್ಲಿ ತೀವ್ರ ಕಾಯಿಲೆ ಅಪರೂಪ ಎಂಬುದು ಎರಡು ವರ್ಷಗಳ ಅನುಭವ. ಮೊಬೈಲ್ ಇಲ್ಲದ, ಇದ್ದರೂ ನೆಟ್‌ವರ್ಕ್ ಸಿಗದ, ಬಿಸಿಯೂಟವನ್ನೇ ದಿನದ ಮುಖ್ಯ ಊಟವಾಗಿ ನಂಬಿದ ಮಗುವಿಗೆ ಶಾಲೆ ಮುಚ್ಚುವುದರಿಂದ ಆಗುವ ಹಾನಿ ಯಾವ ಸಂಜೆಯ ವರದಿಯಲ್ಲೂ ಎಣಿಕೆಯಾಗುವುದಿಲ್ಲ. ಓದು ಬಿಟ್ಟು ಕೂಲಿಗೆ ಹೋದ ಹುಡುಗ, ಬಾಲ್ಯವಿವಾಹಕ್ಕೆ ಸಿಕ್ಕಿಕೊಂಡ ಹುಡುಗಿ ಇವರ ಲೆಕ್ಕ ವರ್ಷಗಳ ನಂತರ ಗೊತ್ತಾಗುತ್ತದೆ. ಜನವರಿ 31ರಂದು ಶಾಲೆ ತೆರೆಯುವುದಕ್ಕೆ ಪ್ರಕರಣಗಳು ಇನ್ನೂ ಇಳಿಯಲಿ ಎಂದು ಕಾಯದಿದ್ದುದು ಸರ್ಕಾರದ ಆ ತಿಂಗಳ ಅತ್ಯಂತ ಒಳ್ಳೆಯ ತೀರ್ಮಾನ.

ಅಕ್ಕಪಕ್ಕದವರು ಮಾಡಿದ್ದು

ಕರ್ನಾಟಕ ಕರ್ಫ್ಯೂ ತೆಗೆದ ವಾರಾಂತ್ಯದಲ್ಲೇ ತಮಿಳುನಾಡಿನಲ್ಲಿ ಭಾನುವಾರದ ಪೂರ್ಣ ಲಾಕ್‌ಡೌನ್ ಇತ್ತು. ಕೇರಳ ಅದೇ ಭಾನುವಾರ, ಜನವರಿ 23ರಂದು, ಲಾಕ್‌ಡೌನ್ ಮಾದರಿಯ ನಿರ್ಬಂಧ ಆರಂಭಿಸಿತು. ಮಂಗಳೂರಿನಲ್ಲಿ ಅಂಗಡಿ ತೆರೆದಿದ್ದರೆ ಕಾಸರಗೋಡಿನಲ್ಲಿ ಮುಚ್ಚಿತ್ತು. ಎರಡು ರಾಜ್ಯಗಳ ಗಡಿಯಲ್ಲಿರುವ ತಲಪಾಡಿಯ ಎರಡೂ ಬದಿಯಲ್ಲಿ ಬದುಕು ಹಂಚಿಕೊಂಡಿರುವ ಜನರಿಗೆ ವಿಜ್ಞಾನ ಗಡಿಯಲ್ಲಿ ಬದಲಾಗುತ್ತದೆಯೇ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ಬದಲಾಗಿದ್ದು ವಿಜ್ಞಾನವಲ್ಲ, ಅದರ ಮೇಲೆ ನಿಂತು ಮಾಡುವ ಆಯ್ಕೆ. ಕೇರಳದಲ್ಲಿ ವಯಸ್ಸಾದವರ ಪ್ರಮಾಣ ಹೆಚ್ಚು, ಮೊದಲ ಅಲೆಗಳಲ್ಲಿ ಸೋಂಕಿನಿಂದ ತಪ್ಪಿಸಿಕೊಂಡವರೂ ಹೆಚ್ಚು. ಅವರ ಎಚ್ಚರಿಕೆಗೆ ಅವರದೇ ಕಾರಣಗಳಿವೆ.

ದೂರದ ಡೆನ್ಮಾರ್ಕ್ 2022ರ ಫೆಬ್ರುವರಿ 1ರಿಂದ ಬಹುತೇಕ ಎಲ್ಲ ನಿರ್ಬಂಧಗಳನ್ನು ತೆಗೆಯಿತು. ಅಲ್ಲಿ ಆಗ 58 ಲಕ್ಷ ಜನಸಂಖ್ಯೆಗೆ ದಿನಕ್ಕೆ 40 ಸಾವಿರಕ್ಕೂ ಹೆಚ್ಚು ಪ್ರಕರಣಗಳಿದ್ದವು. ಆ ದೇಶವನ್ನು ಉದಾಹರಣೆಯಾಗಿ ತೋರಿಸುವವರು ಒಂದನ್ನು ಗಮನಿಸಬೇಕು: ಅಲ್ಲಿ ಸಡಿಲಿಕೆಗೆ ಮೊದಲು ಸರ್ಕಾರ, ಕೋವಿಡ್ ಇನ್ನು ಮುಂದೆ ‘ಸಮಾಜಕ್ಕೆ ಗಂಭೀರ ಅಪಾಯ ಒಡ್ಡುವ ರೋಗ’ಗಳ ಪಟ್ಟಿಯಲ್ಲಿ ಇರುವುದಿಲ್ಲ ಎಂದು ಕಾರಣ ಸಹಿತ ಪ್ರಕಟಿಸಿತು. ಸಂಖ್ಯೆ ಏರುತ್ತಿದ್ದರೂ ಜನ ಬೆಚ್ಚಲಿಲ್ಲ. ಆಸ್ಪತ್ರೆಯ ಲೆಕ್ಕವನ್ನು ಬೇರೆ ಮಾಡಿ, ಕೋವಿಡ್‌ಗಾಗಿ ದಾಖಲಾದವರೆಷ್ಟು, ಬೇರೆ ಕಾಯಿಲೆಗೆ ಬಂದು ಪಾಸಿಟಿವ್ ಎಂದು ಗೊತ್ತಾದವರೆಷ್ಟು ಎಂದು ಬಿಡಿಸಿ ಹೇಳುತ್ತಿದ್ದುದು ಅದಕ್ಕೆ ಒಂದು ಕಾರಣ. ಅದಕ್ಕೆ ದೊಡ್ಡ ಹಣ ಬೇಕಿಲ್ಲ. ಕರ್ನಾಟಕದ ದೈನಂದಿನ ವರದಿಗೂ ಈ ಒಂದು ಸಾಲನ್ನು ಸೇರಿಸಬಹುದಿತ್ತು.

ನಂತರದ ಕೆಲವು ವಾರ

ಬೆಂಗಳೂರಿನ ಅಲೆ ಜನವರಿ 20ರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗಿತು. ಅಂದು ನಗರದಲ್ಲಿ 30,540 ಪ್ರಕರಣಗಳಿದ್ದವು. ಹಿಂದಿನ ಅಲೆಗಳ ಜಾಡು ನೋಡಿದರೆ ಜಿಲ್ಲೆಗಳು ಒಂದೆರಡು ವಾರ ಹಿಂದಿರುತ್ತವೆ. ಆದ್ದರಿಂದ ಫೆಬ್ರುವರಿಯ ಮೊದಲ ಭಾಗದಲ್ಲಿ ನೋಡಬೇಕಿದ್ದುದು ರಾಜ್ಯದ ಒಟ್ಟು ಸಂಖ್ಯೆಯನ್ನಲ್ಲ. ಸಿಬ್ಬಂದಿಯೇ ಸೋಂಕಿಗೆ ಒಳಗಾಗಿ ಕೈ ಕಡಿಮೆಯಾಗಿದ್ದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳನ್ನು. ಈ ಸಲ ಅಪಾಯ ಆಮ್ಲಜನಕದ ಕೊರತೆಗಿಂತ ಶುಶ್ರೂಷಕಿಯರ ಕೊರತೆಯ ರೂಪದಲ್ಲಿ ಬರುವ ಸಾಧ್ಯತೆ ಹೆಚ್ಚಿತ್ತು.

ಎರಡನೆಯದು ಮುನ್ನೆಚ್ಚರಿಕೆ ಡೋಸ್, ಎಂದರೆ ಲಸಿಕೆಯ ಮೂರನೇ ಡೋಸ್. ಜನವರಿ 10ರಿಂದ ಅದು 60 ದಾಟಿದ, ಬೇರೆ ಕಾಯಿಲೆ ಇರುವವರಿಗೆ ಸಿಗತೊಡಗಿತ್ತು. ಕರ್ಫ್ಯೂ ಹೋಯಿತು ಎಂದರೆ ರೋಗವೇ ಹೋಯಿತು ಎಂಬ ಭಾವನೆ ಹಬ್ಬಿದರೆ ಈ ಡೋಸ್‌ಗೆ ಬರುವವರು ಕಡಿಮೆಯಾಗುತ್ತಾರೆ. ಸಡಿಲಿಕೆಗೆ ಬಲ ಕೊಟ್ಟದ್ದೇ ಲಸಿಕೆ. ಅದು ಹಿಂದೆ ಬಿದ್ದರೆ ಸಡಿಲಿಕೆಯ ಆಧಾರವೂ ಕುಸಿಯುತ್ತದೆ. ಸರ್ಕಾರ ಕರ್ಫ್ಯೂ ಜಾರಿಗೆ ಹಚ್ಚಿದ್ದ ಸಿಬ್ಬಂದಿಯ ಒಂದು ಭಾಗವನ್ನಾದರೂ ಈ ಹಿರಿಯರ ಮನೆಗಳಿಗೆ ಕಳುಹಿಸಬೇಕಿತ್ತು.

ಚಿತ್ರಮಂದಿರ, ಜಿಮ್, ಈಜುಕೊಳಗಳ ಮೇಲಿನ ಶೇ 50ರ ಮಿತಿ, ಮದುವೆಗೆ ಹೊರಾಂಗಣದಲ್ಲಿ 300, ಒಳಾಂಗಣದಲ್ಲಿ 200 ಜನರ ಮಿತಿ, ಜಾತ್ರೆ ಮತ್ತು ಮೆರವಣಿಗೆಗಳ ನಿಷೇಧ 2022ರ ಜನವರಿ 31ರ ಸಡಿಲಿಕೆಯ ನಂತರವೂ ಉಳಿದಿದ್ದವು. ಇವನ್ನು ತೆಗೆಯುವಂತೆ ಒತ್ತಾಯ ಆಗಲೇ ಶುರುವಾಗಿತ್ತು. ನಿರ್ಬಂಧ ತೆಗೆಯುವ ಯಾವುದೇ ಆದೇಶದ ಮೊದಲ ಪುಟದಲ್ಲೇ ಮೂರು ವಿಷಯ ಇರಬೇಕು: ಸಲಹಾ ಸಮಿತಿ ಲಿಖಿತವಾಗಿ ಹೇಳಿದ್ದೇನು, ಸರ್ಕಾರ ಅದರಲ್ಲಿ ಯಾವುದನ್ನು ಒಪ್ಪಿತು, ಯಾವುದನ್ನು ಬಿಟ್ಟಿತು ಮತ್ತು ಏಕೆ, ಹಾಗೂ ಯಾವ ಜಿಲ್ಲೆಯಲ್ಲಿ ಐಸಿಯು ಹಾಸಿಗೆಗಳು ಎಷ್ಟು ತುಂಬಿದರೆ ಯಾವ ನಿರ್ಬಂಧ ಮರಳುತ್ತದೆ. ಮುಂದಿನ ತಳಿ ಬಂದ ದಿನ ಕರ್ಫ್ಯೂ ಬೇಕೋ ಬೇಡವೋ ಎಂಬ ಜಗಳವನ್ನು ಮೊದಲಿನಿಂದ ಆಡುವ ಬದಲು, ಜನ ಆ ಪುಟವನ್ನು ತೆಗೆದು ನೋಡಬಹುದು.